ಕೋಳಿಗೂಡಿಗೆ ವೈಫೈ ಕ್ಯಾಮೆರಾ: ಬೇಸಿಗೆ, ಮಳೆಗಾಲ ಎರಡೂ ಕಳೆದ ಮೇಲೆ

ಕೊಂಡ ವಾರದಲ್ಲೇ ಬರೆದ ವಿಮರ್ಶೆಯಲ್ಲಿ ಯಾವ ಕ್ಯಾಮೆರಾವಾದರೂ ಚೆನ್ನಾಗಿಯೇ ಇರುತ್ತದೆ. ಗೂಡಿನ ಧೂಳು, ತೇವ, ಹಿಕ್ಕೆಯ ಘಾಟು ಎಲ್ಲ ಕುಡಿದ ಮೇಲೆ ಏನಾಗುತ್ತದೆ ಅನ್ನುವುದನ್ನು ಯಾರೂ ಬರೆಯುವುದಿಲ್ಲ. ಹಿತ್ತಲ ಗೂಡಿನಲ್ಲಿ ನಾನು ಹಾಕಿರುವುದು ಸಾಧಾರಣ 1080ಪಿ ವೈಫೈ ಕ್ಯಾಮೆರಾ. ವರ್ಷಕ್ಕೂ ಮೇಲಾಯಿತು, ಇನ್ನೂ ಓಡುತ್ತಿದೆ. ಚಿತ್ರದ ಬಗ್ಗೆ ತಕರಾರಿಲ್ಲ. ಯಾವ ಹೇಂಟೆ ಯಾವುದೆಂದು ಗುರುತು ಹಿಡಿಯಲು ಅಷ್ಟು ಸ್ಪಷ್ಟತೆ ಧಾರಾಳವಾಯಿತು. ಇನ್ನೂ ಹೆಚ್ಚಿನ ರೆಸಲ್ಯೂಶನ್‌ಗೆ ದುಡ್ಡು ಸುರಿಯುವುದು ದಂಡ.

ತಲೆನೋವು ಶುರುವಾಗುವುದು ಸಿಗ್ನಲ್‌ನಿಂದ. ಗೂಡಿನ ಸುತ್ತ ಬಿಗಿದ ಕಬ್ಬಿಣದ ಜಾಲರಿ ವೈಫೈಯನ್ನು ಚೆನ್ನಾಗಿ ತಡೆಯುತ್ತದೆ. ಈ ಕ್ಯಾಮೆರಾ ಬಳಸುವ 2.4 ಗಿಗಾಹರ್ಟ್ಸ್ ವೈಫೈ ಅಲೆಯ ಉದ್ದ ಸುಮಾರು 12 ಸೆಂ.ಮೀ.; ಜಾಲರಿಯ ಕಣ್ಣು ಅದಕ್ಕಿಂತ ಎಷ್ಟೋ ಚಿಕ್ಕದು, ಅಲೆ ಸುಲಭವಾಗಿ ನುಸುಳುವುದಿಲ್ಲ. ಮೊಬೈಲ್ ಹಿಡಿದು ಗೂಡಿನ ಹೊರಗೆ ನಿಂತರೆ ಸಿಗ್ನಲ್ ಪೂರ್ತಿ, ಒಳಗೆ ಹೋಗಿ ಬಾಗಿಲು ಎಳೆದುಕೊಂಡರೆ ಪರದೆಯಲ್ಲಿ ಬರೀ ಚಕ್ರ ತಿರುಗುತ್ತದೆ. ನನ್ನದರ ಆಂಟೆನಾ ಕಡ್ಡಿ ಉದ್ದವಿದ್ದುದರಿಂದ ಅದನ್ನು ಜಾಲರಿಯ ಹೊರಗೆ ಚಾಚಿ ಕಟ್ಟಿದೆ, ಸರಿಹೋಯಿತು. ಆಂಟೆನಾ ಒಳಗೇ ಅಡಗಿರುವ ಮಾದರಿಯಾದರೆ ಈ ಉಪಾಯ ನಡೆಯುವುದಿಲ್ಲ. ಇನ್ನೊಂದು: ಅಗ್ಗದ ಕ್ಯಾಮೆರಾಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ, 5 ಗಿಗಾಹರ್ಟ್ಸ್‌ಗೆ ಸೇರುವುದೇ ಇಲ್ಲ. ರೌಟರ್ ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತಿದ್ದರೆ, ಜೋಡಿಸುವ ಹೊತ್ತಿಗಾದರೂ ಬೇರೆ ಬೇರೆ ಮಾಡಿಕೊಳ್ಳಿ.

ರಾತ್ರಿಯ ಕಥೆಯೇ ಬೇರೆ. ಕತ್ತಲಲ್ಲಿ ನೋಡಲು ಕ್ಯಾಮೆರಾದಲ್ಲೇ ಇರುವ ಇನ್‌ಫ್ರಾರೆಡ್ ದೀಪ 850 ನ್ಯಾನೋಮೀಟರ್‌ನದ್ದು, ಹತ್ತಿರ ಹೋದರೆ ಮಂಕು ಕೆಂಪು ಕಾಣುತ್ತದೆ. ಕೋಳಿಗಳು ಅದಕ್ಕೆ ಕ್ಯಾರೇ ಅನ್ನಲಿಲ್ಲ. ಆದರೆ ಕ್ಯಾಮೆರಾವನ್ನು ಜಾಲರಿಯ ಹಿಂದಿಟ್ಟರೆ ಆ ಬೆಳಕು ತಂತಿಗೆ ಬಡಿದು ವಾಪಸ್ ಬಂದು ಚಿತ್ರವೆಲ್ಲ ಬೆಳ್ಳಗಾಗುತ್ತದೆ, ಒಳಗೇ ಇಡಬೇಕು. ಒಳಗಿಟ್ಟರೆ ಜೇಡ ಬರುತ್ತದೆ. ದೀಪದ ಸುತ್ತ ಬೆಚ್ಚಗಿರುವುದಕ್ಕೋ ಹುಳು ಸಿಗುವುದಕ್ಕೋ, ಲೆನ್ಸಿನ ಎದುರಿಗೇ ಬಲೆ ನೇಯುತ್ತದೆ. ನಡುರಾತ್ರಿ ‘ಚಲನೆ ಕಂಡುಬಂದಿದೆ’ ಎಂದು ಫೋನ್ ಹೊಡೆದುಕೊಂಡಾಗ ಎದ್ದು ನೋಡಿದರೆ ಪರದೆಯ ತುಂಬ ಒನಕೆಯಷ್ಟು ದಪ್ಪದ ಬಿಳಿ ಕಾಲು ನಿಧಾನವಾಗಿ ಮಡಚಿಕೊಳ್ಳುತ್ತಿರುತ್ತದೆ. ಆಪ್‌ನಲ್ಲಿ ಅಲರ್ಟ್ ಬರಬೇಕಾದ ಜಾಗವನ್ನು ಬಾಗಿಲು ಮತ್ತು ನೆಲಕ್ಕಷ್ಟೇ ಸೀಮಿತ ಮಾಡಿದ ಮೇಲೆ ನಿದ್ದೆ ಬಂತು. ಹಗಲಿನ ಅಲರ್ಟ್ ಪೂರ್ತಿ ಬಂದ್. ಕೋಳಿಗಳು ಸುಮ್ಮನಿದ್ದರೆ ತಾನೇ!

ಇಷ್ಟೆಲ್ಲ ಪಾಡು ಪಟ್ಟಿದ್ದಕ್ಕೆ ಏನು ಸಿಕ್ಕಿತು? ಗೂಡಿನಲ್ಲಿ ಒಡೆದ ಮೊಟ್ಟೆ ಸಿಗುತ್ತಿತ್ತು, ಸಂಶಯ ಹೆಗ್ಗಣದ ಮೇಲಿತ್ತು. ರೆಕಾರ್ಡಿಂಗ್ ನೋಡಿದರೆ ನಮ್ಮದೇ ಕಂದು ಹೇಂಟೆ. ಬೇರೆಯದು ಮೊಟ್ಟೆ ಇಟ್ಟು ಕೇಕೆ ಹಾಕುತ್ತ ಹೊರಬಿದ್ದ ಕೂಡಲೇ ಇದು ಒಳಗೆ ನುಗ್ಗಿ ಕುಕ್ಕುತ್ತಿತ್ತು. ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದು. ಒಂದು ಬೇಸಿಗೆಯಲ್ಲಿ ರಾತ್ರಿಯ ವಿಡಿಯೊದಲ್ಲಿ ಕೋಳಿಗಳು ಅಡ್ಡಗೋಲಿನ ಮೇಲೆ ಕಾಲು ಬದಲಿಸುತ್ತ, ಪುಕ್ಕ ಕೊಕ್ಕಿನಲ್ಲಿ ಕೆದಕುತ್ತ ನಿದ್ದೆಯೇ ಮಾಡುತ್ತಿರಲಿಲ್ಲ. ಟಾರ್ಚ್ ಹಿಡಿದು ಅಡ್ಡಗೋಲಿನ ತುದಿ ಗೋಡೆಗೆ ಸೇರುವ ಸಂದಿ ನೋಡಿದರೆ ಬೂದಿ ಚೆಲ್ಲಿದ ಹಾಗೆ ಕಸ, ಅದರೊಳಗೆ ಹರಿದಾಡುವ ಕೆಂಪು ನುಸಿ. ಈ ನುಸಿ ಹಗಲು ಸಂದಿಯಲ್ಲಿ ಅಡಗಿ ರಾತ್ರಿ ರಕ್ತ ಹೀರುತ್ತದೆ, ಹಗಲಲ್ಲಿ ಕೋಳಿ ಹಿಡಿದು ನೋಡಿದರೆ ಸಿಗುವುದು ಅಪರೂಪ.

ಕಾವಲಿಗೆಂದು ಕೊಳ್ಳುವವರು ಮಾತ್ರ ಯೋಚಿಸಿ. ಅಲರ್ಟ್ ಬಂದು, ಆಪ್ ತೆರೆದು, ಚಪ್ಪಲಿ ಮೆಟ್ಟಿ ಓಡುವಷ್ಟರಲ್ಲಿ ಮುಂಗುಸಿ ಕೆಲಸ ಮುಗಿಸಿರುತ್ತದೆ. ಆ ದುಡ್ಡಿಗೆ ಮೊದಲು ಗಟ್ಟಿ ಚಿಲಕ ಹಾಕಿಸಿ.

ನಿರ್ವಹಣೆ: ಐಪಿ65 (ಧೂಳು, ನೀರು ತಡೆಯುವ ದರ್ಜೆ) ಎಂದರೆ ಧೂಳು ಒಳಗೆ ಹೋಗುವುದಿಲ್ಲ ಅಷ್ಟೇ, ಗಾಜಿನ ಮೇಲೆ ಕೂರದೆ ಇರುವುದಿಲ್ಲ. ಪುಕ್ಕದ ಹೊಟ್ಟು ಮತ್ತು ಮರದ ಪುಡಿ ಸೇರಿ ಪದರ ಕಟ್ಟುತ್ತದೆ, ವಾರಕ್ಕೊಮ್ಮೆ ಮೆತ್ತನೆ ಬಟ್ಟೆಯಲ್ಲಿ ಒರೆಸಲೇಬೇಕು. ಕ್ಯಾಮೆರಾದ ತಲೆಯ ಮೇಲೆ ಕೋಳಿ ಹತ್ತಿ ಕೂರದಂತೆ ಇಳಿಜಾರು ತಗಡು ಹೊಡೆಯಿರಿ, ಇಲ್ಲದಿದ್ದರೆ ಒರೆಸಬೇಕಾದದ್ದು ಬರೀ ಧೂಳಲ್ಲ. ಅಮೋನಿಯದ ಘಾಟಿಗೆ ಪ್ಲಗ್ಗಿನ ಲೋಹ ಹಸಿರುಗಟ್ಟಿತ್ತು. ಜೋಡಣೆಯನ್ನು ಗೂಡಿನ ಹೊರಗೆ ತಂದೆ.

ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಸತತ ರೆಕಾರ್ಡ್ ಮಾಡಿದರೆ ದಿನಕ್ಕೆ 11 ಜಿಬಿ ಹತ್ತಿರ ಬೇಕು. 64 ಜಿಬಿ ಕಾರ್ಡಿನಲ್ಲಿ ಐದಾರು ದಿನದ್ದು ಉಳಿಯುತ್ತದೆ. ನನಗೆ ಅದು ಸಾಕು, ಹಾಗಾಗಿ ತಿಂಗಳ ಕ್ಲೌಡ್ ಚಂದಾ ಬಿಟ್ಟೆ. ಸಾಮಾನ್ಯ ಕಾರ್ಡ್ ಇಂಥ ನಿರಂತರ ಬರವಣಿಗೆಗೆ ಬೇಗ ಸವೆಯುತ್ತದೆ, ಕ್ಯಾಮೆರಾಗೆಂದೇ ಮಾಡಿದ ಹೈ ಎಂಡ್ಯೂರೆನ್ಸ್ ಕಾರ್ಡ್ ಹಾಕಿ. ಪೆಟ್ಟಿಗೆಯಲ್ಲಿ ಬಂದ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. 2016ರಲ್ಲಿ ‘ಮಿರಾಯ್’ ಅನ್ನುವ ಮಾಲ್‌ವೇರ್ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳಿಗೆ ನುಗ್ಗಿದ್ದು ಇಂಥ ಪಾಸ್‌ವರ್ಡ್ ಬಳಸಿಯೇ.

5ಕ್ಕೆ 3.5 ಕೊಡುತ್ತೇನೆ. ಈ ಕ್ಯಾಮೆರಾ ಕೆಟ್ಟುಹೋದ ದಿನ ವೈಫೈ ಬದಲು ಪಿಒಇ ಮಾದರಿ ಕೊಳ್ಳುವೆ: ಒಂದೇ ಕೇಬಲ್‌ನಲ್ಲಿ ಕರೆಂಟೂ ನೆಟ್ಟೂ, 100 ಮೀಟರ್‌ವರೆಗೆ, ಜಾಲರಿಯ ಗೊಡವೆಯಿಲ್ಲ.