ಬರ್ಲಿನ್‌ನ ಸ್ಟಾಸಿ ಮ್ಯೂಸಿಯಂ: ರೆಕಾರ್ಡ್ ರೂಮಿನವಳ ಕಣ್ಣಲ್ಲಿ

ಮಗಳ ಮನೆಗೆ ಅಂತ ಬರ್ಲಿನ್‌ಗೆ ಹೋದಾಗ ಎಲ್ಲರೂ ಹೇಳಿದ್ದು ಒಂದೇ, ಗೋಡೆ ನೋಡ್ಕೊಂಡು ಬನ್ನಿ ಅಂತ. ನಾನು ಹಟ ಹಿಡಿದು ಸ್ಟಾಸಿ ಮ್ಯೂಸಿಯಂಗೆ ಹೋದೆ. ಸ್ಟಾಸಿ ಅಂದರೆ ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಇಲಾಖೆ, ಅದರ ಹೆಡ್ ಆಫೀಸ್ ಆಗಿತ್ತು ಅದು. 31 ವರ್ಷ ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿದವಳು ನಾನು. 111 ಕಿಲೋಮೀಟರ್ ಉದ್ದದ ಕಡತ ಬಿಟ್ಟುಹೋದ ಆಫೀಸು ಹೇಗಿತ್ತು ಅಂತ ನೋಡಲೇಬೇಕಿತ್ತು.

ಯು5 ರೈಲಿನಲ್ಲಿ ಮಾಗ್ಡಲೇನೆನ್‌ಸ್ಟ್ರಾಸೆಯಲ್ಲಿ ಇಳಿದರೆ ಸ್ವಲ್ಪವೇ ನಡಿಗೆ. ಬಾಗಿಲು ದಾಟಿದ ಕೂಡಲೇ ಒಂದು ಪುಟ್ಟ ವ್ಯಾನು. ಹೊರಗಿನಿಂದ ಸಾಮಾನು ಸಾಗಿಸೋ ಗಾಡಿ ಥರ, ಒಳಗೆ ಕೈದಿಗಳನ್ನು ಕೂರಿಸಲು ಕಿಟಕಿಯಿಲ್ಲದ ಗೂಡುಗಳು. ಬಗ್ಗಿ ನೋಡಿದೆ. ಮಂಡಿ ಮಡಚಿ ಕೂರೋಕೂ ಜಾಗ ಸಾಲದು.

ಜನ ಮುತ್ತಿಕೊಳ್ಳೋದು ಕ್ಯಾಮೆರಾಗಳ ಹತ್ತಿರ. ಗಿಡಕ್ಕೆ ನೀರು ಹಾಕೋ ಕ್ಯಾನಿನಲ್ಲೊಂದು, ಕೋಟಿನ ಗುಂಡಿಯ ಹಿಂದೊಂದು. ಮಜಾ ಇದೆ, ಇಲ್ಲ ಅನ್ನಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು, ಈ ಇಲಾಖೆ ತನ್ನ ಕೆಲಸವನ್ನೇ ಬದಲಾಯಿಸಿಕೊಂಡ ಕಥೆ. 1950ರಲ್ಲಿ ಶುರುವಾದಾಗ ನೇರ ವ್ಯವಹಾರ: ಹಿಡಿ, ಬಡಿ, ಒಳಗೆ ಹಾಕು. 1953ರ ಜೂನ್‌ನಲ್ಲಿ ಕಾರ್ಮಿಕರು ಬೀದಿಗಿಳಿದರು, ಸೋವಿಯತ್ ಟ್ಯಾಂಕು ಬರಬೇಕಾಯಿತು. ಮೊದಲೇ ಯಾಕೆ ಗೊತ್ತಾಗಲಿಲ್ಲ ಅಂತ ಆಳುವ ಕಮ್ಯುನಿಸ್ಟ್ ಪಕ್ಷಕ್ಕೆ ಸಿಟ್ಟು, ಇಲಾಖೆಯ ಮಂತ್ರಿಯ ಕುರ್ಚಿ ಹೋಯಿತು. ಆಮೇಲೆ ಎಲ್ಲವನ್ನೂ ಮುಂಚೆಯೇ ತಿಳಿದಿರಬೇಕು ಅನ್ನೋ ಗೀಳು. 1970ರ ದಶಕದಲ್ಲಿ ಇನ್ನೊಂದು ತಿರುವು. ದೇಶ ವಿಶ್ವಸಂಸ್ಥೆ ಸೇರಿತು, ಮಾನವ ಹಕ್ಕುಗಳನ್ನು ಗೌರವಿಸ್ತೀವಿ ಅನ್ನೋ ಹೆಲ್ಸಿಂಕಿ ಒಪ್ಪಂದಕ್ಕೆ ಸಹಿ ಹಾಕಿತು. ಸಿಕ್ಕಸಿಕ್ಕವರನ್ನು ಜೈಲಿಗೆ ಹಾಕಿದರೆ ಹೊರಗಡೆ ಮರ್ಯಾದೆ ಹೋಗುತ್ತೆ, ಅಲ್ವಾ? ಹಾಗಾಗಿ 1976ರಲ್ಲಿ, ಜೈಲಿಗೆ ಹಾಕದೆಯೇ ಜನರನ್ನು ಹಣಿಯೋ ವಿದ್ಯೆಯ ಬಗ್ಗೆ ಒಂದು ಆದೇಶ ಬಂತು. ಆ ವಿದ್ಯೆಗೆ ‘ತ್ಸೆರ್‌ಜೆಟ್ಸುಂಗ್’ ಅಂತ ಹೆಸರು. ಮನುಷ್ಯನನ್ನು ಒಳಗಿನಿಂದ ಕೊಳೆಸೋದು ಅನ್ನಬಹುದು. ಸುಳ್ಳು ಸುದ್ದಿ ಹಬ್ಬಿಸು, ಕೆಲಸದಲ್ಲಿ ಮೇಲೇಳದಂತೆ ಮಾಡು, ಗೆಳೆಯರಲ್ಲಿ ಅನುಮಾನ ಬಿತ್ತು. ಇದನ್ನು ಮಾಡಿದವರು ಯಾರು ಅಂತಲೇ ಅವನಿಗೆ ಗೊತ್ತಾಗಬಾರದು. ಓದುತ್ತಾ ನಿಂತಲ್ಲೇ ಅರ್ಧ ಗಂಟೆ ಹೋಯಿತು. ಮಗಳು ಎರಡು ಸಲ ಬಂದು ಕರೆದಳು.

ಎರಡನೇ ಮಹಡಿಯಲ್ಲಿ 1957ರಿಂದ 1989ರವರೆಗೆ ಮಂತ್ರಿಯಾಗಿದ್ದ ಎರಿಕ್ ಮೀಲ್ಕೆಯ ಕೋಣೆ. ಮರದ ಗೋಡೆ, ಸಾಲು ಫೋನು, ಎಲ್ಲ ಹಾಗೇ ಇದೆ. ಅಷ್ಟೊಂದು ಹೆದರಿಸಿದವನ ಕೋಣೆ ಇಷ್ಟು ಸಪ್ಪೆಯಾ ಅನಿಸಿತು. ಅವನ ತಿಂಡಿ ಹೇಗೆ ಜೋಡಿಸಬೇಕು ಅಂತ ಸೆಕ್ರೆಟರಿ ಚಿತ್ರ ಬರೆದಿಟ್ಟಿದ್ದ ಚೀಟಿಯೂ ಉಂಟು. ಮೊಟ್ಟೆ ನಾಲ್ಕೂವರೆ ನಿಮಿಷ ಬೇಯಬೇಕಂತೆ! ಸಾಹೇಬರ ಟೀಗೆ ಎಷ್ಟು ಸಕ್ಕರೆ ಅಂತ ನಾವೂ ಬಾಯಿಪಾಠ ಮಾಡಿದವರೇ. ನಗು ಬಂತು, ಆಮೇಲೆ ಸ್ವಲ್ಪ ಕಸಿವಿಸಿ.

ಅದೇ ಆವರಣದ 7ನೇ ಕಟ್ಟಡದಲ್ಲಿ ಕಡತಗಳದ್ದೇ ಬೇರೆ ಪ್ರದರ್ಶನ ಇದೆ. ಬಹಳ ಜನ ಅಲ್ಲಿಗೆ ಹೋಗೋದೇ ಇಲ್ಲ ಅಂತ ಕಾಣುತ್ತೆ. ನನಗೆ ಅದೇ ಹಬ್ಬ. ಒಂದು ಕಾರ್ಡಿನಲ್ಲಿ ಮಾಹಿತಿದಾರನದ್ದೋ ನಿಗಾದಲ್ಲಿದ್ದವನದ್ದೋ ನಿಜವಾದ ಹೆಸರು ಮತ್ತು ನೋಂದಣಿ ನಂಬರು. ಇನ್ನೊಂದರಲ್ಲಿ ಅದೇ ನಂಬರು, ಗುಪ್ತ ಹೆಸರು, ಆ ಕಡತ ನೋಡಿಕೊಳ್ಳೋ ಅಧಿಕಾರಿಯ ಹೆಸರು. ಒಂದೇ ಕಾರ್ಡು ಕೈಗೆ ಸಿಕ್ಕರೆ ಏನೂ ತಿಳಿಯದು, ಎರಡನ್ನೂ ಜೋಡಿಸಬೇಕು. ಹೆಸರುಗಳನ್ನು ಕಾಗುಣಿತದಂತಲ್ಲ, ಉಚ್ಚಾರದಂತೆ ಜೋಡಿಸಿದ್ದರು. ಕೇಳಿಸಿಕೊಂಡ ಹೆಸರಿನ ಸ್ಪೆಲ್ಲಿಂಗ್ ತಪ್ಪಿದ್ದರೂ ಕಾರ್ಡು ಸಿಗಲಿ ಅಂತ. ಇಷ್ಟು ಅಚ್ಚುಕಟ್ಟಾದ ಇಂಡೆಕ್ಸ್ ನಾನು ಜನ್ಮದಲ್ಲಿ ಕಂಡಿಲ್ಲ. ಮೆಚ್ಚಿಕೊಂಡೆ ಅಂತ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ, ಆದರೆ ಮೆಚ್ಚಿಕೊಂಡೆ.

ಕೊನೆಗಾಲದಲ್ಲಿ ಸುಮಾರು 91,000 ನೌಕರರಿದ್ದ ಇಲಾಖೆ ಇದು. ಮುಳುಗುವಾಗ ಕಾಗದ ನಾಶ ಮಾಡೋಕೆ ಅವರ ಯಂತ್ರಗಳು ಸಾಲದೆ, ಕೈಯಲ್ಲೇ ಹರಿದು ಮೂಟೆಗೆ ತುಂಬಿದರು. 1990ರ ಜನವರಿ 15ರಂದು ಜನ ಇಲ್ಲಿಗೇ ನುಗ್ಗಿದರು. ಮೂಟೆಗಳು ಉಳಿದುಬಿಟ್ಟವು, ಸುಮಾರು 16,000 ಇದ್ದವಂತೆ.

ಹೋಗುವವರು ಮೂರು ಗಂಟೆಯಾದರೂ ಇಟ್ಟುಕೊಳ್ಳಿ. ಬರಹ ಜರ್ಮನ್ ಮತ್ತು ಇಂಗ್ಲಿಷ್‌ನಲ್ಲಿದೆ, ಓದೋದು ಜಾಸ್ತಿ. ಕನ್ನಡಕ ಮರೀಬೇಡಿ. ನಾನು ಸುಸ್ತಾದ ಮೇಲೆ 7ನೇ ಕಟ್ಟಡಕ್ಕೆ ಹೋದೆ. ಮುಂದಿನ ಸಲ ಮೊದಲು ಅಲ್ಲಿಗೇ ಹೋಗೋದು.