ಪ್ರಿಂಟರ್ ಸರಿಮಾಡಿಸಲು ಫೋನ್ ಮಾಡಿದರು, ಎರಡು ಎಫ್‌ಡಿ ಹೋಯಿತು

ಬೆಂಗಳೂರಿನ ಗಿರಿನಗರದ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ನಡೆದದ್ದು ಇದು. ಪೆನ್ಷನ್‌ಗೆ ಸಂಬಂಧಿಸಿದ ಕಾಗದವೊಂದನ್ನು ಪ್ರಿಂಟ್ ತೆಗೆಯಬೇಕಿತ್ತು. ಪ್ರಿಂಟರ್ ‘ಆಫ್‌ಲೈನ್’ ಎಂದು ತೋರಿಸುತ್ತಿತ್ತು. ಗೂಗಲ್‌ನಲ್ಲಿ ಪ್ರಿಂಟರ್ ಕಂಪನಿಯ ಹೆಸರು ಹಾಕಿ ‘ಕಸ್ಟಮರ್ ಕೇರ್ ನಂಬರ್’ ಎಂದು ಹುಡುಕಿದರು, ಎಲ್ಲಕ್ಕಿಂತ ಮೇಲೆ ಕಂಡ 1800ರ ನಂಬರಿಗೆ ಫೋನ್ ಮಾಡಿದರು. ಬೆಳಿಗ್ಗೆ ಹನ್ನೊಂದಕ್ಕೆ ಶುರುವಾದ ಮಾತು ಮಧ್ಯಾಹ್ನ ಒಂದೂವರೆಗೆ ಮುಗಿಯಿತು. ಅಷ್ಟರಲ್ಲಿ ಎರಡು ಎಫ್‌ಡಿ ಒಡೆದು 4,70,000 ರೂಪಾಯಿ ಖಾತೆಯಿಂದ ಹೊರಹೋಗಿತ್ತು.

ಗಮನಿಸಿ, ಫೋನ್ ಮಾಡಿದ್ದು ಮೇಷ್ಟ್ರೇ. ‘ಗೊತ್ತಿಲ್ಲದ ನಂಬರಿನ ಕರೆ ಎತ್ತಬೇಡಿ’ ಎಂದು ಎಷ್ಟು ಹೇಳಿದ್ದರೂ ಇಲ್ಲಿ ಪ್ರಯೋಜನಕ್ಕೆ ಬರುತ್ತಿರಲಿಲ್ಲ. ಯಾರು ಯಾರಿಗೆ ಕರೆ ಮಾಡಿದರು ಎನ್ನುವುದಕ್ಕಿಂತ, ನಿಮ್ಮ ಪರದೆಯನ್ನು ಇನ್ನೊಬ್ಬರಿಗೆ ಯಾವ ಗಳಿಗೆಯಲ್ಲಿ ಒಪ್ಪಿಸಿದಿರಿ ಎನ್ನುವುದೇ ಈ ಮೋಸದಲ್ಲಿ ಮುಖ್ಯ. ಆದ್ದರಿಂದ ಹಂತ ಹಂತವಾಗಿ ಬರೆಯುತ್ತಿದ್ದೇವೆ.

ಮೊದಲು ನಂಬರಿನ ವಿಷಯ. ಹುಡುಕಾಟದ ಫಲಿತಾಂಶದಲ್ಲಿ ‘ಪ್ರಾಯೋಜಿತ’ ಎಂದು ಸಣ್ಣದಾಗಿ ಬರೆದಿರುವುದು ಜಾಹೀರಾತು. ದುಡ್ಡು ಕೊಟ್ಟವರು ಅಲ್ಲಿ ಮೇಲೆ ಕೂರುತ್ತಾರೆ. 1800 ಎಂದು ಶುರುವಾಗುವ ಟೋಲ್‌ಫ್ರೀ ನಂಬರನ್ನು ಸಣ್ಣ ಕಂಪನಿಯೂ ಬಾಡಿಗೆಗೆ ಪಡೆಯಬಹುದು, ಹಾಗಾಗಿ ಅದು ಯಾವುದಕ್ಕೂ ಪುರಾವೆಯಲ್ಲ. ಇನ್ನೊಂದು ನಾಜೂಕಿನ ಕೆಲಸವೂ ಇದೆ: ಜಾಹೀರಾತು ಒತ್ತಿದರೆ ಕಂಪನಿಯ ಅಸಲಿ ವೆಬ್‌ಸೈಟೇ ತೆರೆಯುತ್ತದೆ, ಆದರೆ ಅದರ ಹುಡುಕು ಪೆಟ್ಟಿಗೆಯೊಳಗೆ ಮೋಸಗಾರರ ನಂಬರ್ ಮೂಡುವಂತೆ ಲಿಂಕನ್ನು ಹೆಣೆದಿರುತ್ತಾರೆ. ವಿಳಾಸ ಸರಿಯಾಗಿದೆ ಎಂದು ನೋಡಿಕೊಂಡವರೂ ಇದರಲ್ಲಿ ಬಿದ್ದಿದ್ದಾರೆ. ನಂಬರ್ ಬೇಕಿದ್ದರೆ ಡಬ್ಬದಲ್ಲಿ ಬಂದ ವಾರಂಟಿ ಕಾರ್ಡ್ ನೋಡಿ, ಇಲ್ಲವೇ ಯಂತ್ರದ ಹಿಂದೆ ಅಂಟಿಸಿರುವ ಚೀಟಿ ನೋಡಿ. ವೆಬ್‌ಸೈಟ್ ವಿಳಾಸವನ್ನು ಕೈಯಾರೆ ಟೈಪ್ ಮಾಡಿ, ‘ಸಂಪರ್ಕಿಸಿ’ ಪುಟಕ್ಕೆ ಹೋಗಿ.

ಅಂದಹಾಗೆ, ಮೇಷ್ಟ್ರ ಪ್ರಿಂಟರ್‌ಗೆ ಆಗಿದ್ದಿಷ್ಟೇ: ವೈಫೈ ರೂಟರ್ ಆಫ್ ಆಗಿ ಆನ್ ಆದಾಗ ಪ್ರಿಂಟರ್‌ಗೆ ಹೊಸ ಐಪಿ ವಿಳಾಸ (ಮನೆಯ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಸಿಕ್ಕಿತ್ತು, ಕಂಪ್ಯೂಟರ್ ಹಳೆಯ ವಿಳಾಸದಲ್ಲೇ ಅದನ್ನು ಹುಡುಕುತ್ತಿತ್ತು. ಕರೆಂಟ್ ಹೋಗಿ ಬರುವ ಮನೆಗಳಲ್ಲಿ ಇದು ಸಾಮಾನ್ಯ. ಮೊದಲು ರೂಟರ್, ಅದರ ದೀಪಗಳು ಸ್ಥಿರವಾದ ಮೇಲೆ ಪ್ರಿಂಟರ್, ಕೊನೆಗೆ ಕಂಪ್ಯೂಟರ್, ಈ ಕ್ರಮದಲ್ಲಿ ಆಫ್ ಮಾಡಿ ಆನ್ ಮಾಡಿ. ಸಾಲಿನಲ್ಲಿ ನಿಂತಿರುವ ಹಳೆಯ ಪ್ರಿಂಟ್‌ಗಳನ್ನು ರದ್ದು ಮಾಡಿ. ಆಗಲೂ ಆಗದಿದ್ದರೆ ಪ್ರಿಂಟರನ್ನು ತೆಗೆದುಹಾಕಿ ಮತ್ತೆ ಸೇರಿಸಿ. ಅದೂ ಬೇಡವೆಂದರೆ ಯುಎಸ್‌ಬಿ ಕೇಬಲ್ ಹಾಕಿ. ಅಷ್ಟಕ್ಕೂ ಬಗ್ಗದಿದ್ದರೆ ಬಡಾವಣೆಯ ರಿಪೇರಿ ಅಂಗಡಿಗೋ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೋ ಹೊತ್ತುಕೊಂಡು ಹೋಗಿ. ಅಲ್ಲಿ ಕಣ್ಣೆದುರು ಮನುಷ್ಯ ಇರುತ್ತಾನೆ, ನಾಳೆ ಹೋಗಿ ಕೇಳಬಹುದು.

ಫೋನಿನ ಆಚೆಗಿದ್ದವನು ಸೊಗಸಾದ ಕನ್ನಡ ಮಾತಾಡಿದ. “ಸರ್, ನಿಮ್ಮ ಪ್ರಿಂಟರ್‌ಗೆ ಏನೂ ಆಗಿಲ್ಲ. ನಿಮ್ಮ ನೆಟ್‌ವರ್ಕಿಗೆ ಯಾರೋ ನುಗ್ಗಿದಾರೆ. ಕನೆಕ್ಟ್ ಆಗಿ ನೋಡ್ತೀನಿ, ನೀವು ಗಾಬರಿ ಆಗ್ಬೇಡಿ” ಎಂದ. ಈ ವಂಚಕರು ಹಿಂದಿಯಲ್ಲೋ ಹರುಕು ಇಂಗ್ಲಿಷಿನಲ್ಲೋ ಮಾತಾಡುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಜನಕ್ಕಿದೆ. ಅದನ್ನು ಬಿಡಿ. ಕನ್ನಡ ಕೇಳಿದೊಡನೆ ಮನಸ್ಸು ಮೆತ್ತಗಾಗುತ್ತದೆ ಎಂದು ಅವರಿಗೂ ಗೊತ್ತು.

‘ಕನೆಕ್ಟ್’ ಎಂದರೆ ಎನಿಡೆಸ್ಕ್, ಟೀಮ್‌ವ್ಯೂವರ್, ಅಲ್ಟ್ರಾವ್ಯೂವರ್‌ನಂಥ ದೂರನಿಯಂತ್ರಣ ಸಾಫ್ಟ್‌ವೇರ್. ಯಾವುದನ್ನೂ ಇನ್‌ಸ್ಟಾಲ್ ಮಾಡಿಸದೆ, ವಿಂಡೋಸ್‌ನಲ್ಲೇ ಇರುವ ‘ಕ್ವಿಕ್ ಅಸಿಸ್ಟ್’ ತೆರೆಸಿ, ತಾವು ಹೇಳುವ ಆರು ಅಕ್ಷರದ ಕೋಡ್ ಹಾಕಿಸುವವರೂ ಇದ್ದಾರೆ. ಇವು ಕೆಟ್ಟ ಸಾಧನಗಳಲ್ಲ. ಆಫೀಸುಗಳಲ್ಲಿ ದಿನವೂ ಬಳಸುತ್ತಾರೆ. ಆದರೆ ಪರದೆಯಲ್ಲಿ ಕಾಣುವ ಒಂಬತ್ತೋ ಹತ್ತೋ ಅಂಕಿ ಓದಿ ಹೇಳಿ, ಆಮೇಲೆ ‘ಅಕ್ಸೆಪ್ಟ್’ ಒತ್ತಿದರೆ ನಿಮ್ಮ ಮೌಸ್, ಕೀಲಿಮಣೆ, ಕಡತ ಎಲ್ಲವೂ ಅವನ ಕೈಗೆ ಹೋಗುತ್ತವೆ. ಎನಿಡೆಸ್ಕ್ ಬಳಸಿ ಹೀಗೆ ಹಣ ಎಳೆಯುತ್ತಿದ್ದಾರೆ ಎಂದು ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಆ ಅಂಕಿ ಕೇಳಿದ ಕ್ಷಣವೇ ಫೋನ್ ಇಡಬೇಕು. ಅದರ ಮುಂದೆ ಒಳ್ಳೆಯ ತಿರುವು ಯಾವುದೂ ಇಲ್ಲ.

ಒಳಗೆ ಬಂದವನು ಮೊದಲು ಹೆದರಿಸುತ್ತಾನೆ, ಅದಕ್ಕೆ ನಿಮ್ಮದೇ ಕಂಪ್ಯೂಟರನ್ನು ಸಾಕ್ಷಿ ಮಾಡುತ್ತಾನೆ. ಮೇಷ್ಟ್ರಿಗೆ ತೋರಿಸಿದ್ದು ‘ಇವೆಂಟ್ ವ್ಯೂವರ್’. ಅದು ವಿಂಡೋಸ್ ಬರೆದುಕೊಳ್ಳುವ ದಿನಚರಿ. ಯಾವುದೋ ಸೇವೆ ಎರಡು ಸೆಕೆಂಡ್ ತಡವಾಗಿ ಎದ್ದರೂ ಅಲ್ಲಿ ಕೆಂಪು ಗುರುತೋ ಹಳದಿ ಗುರುತೋ ಬೀಳುತ್ತದೆ. ಅಂಗಡಿಯಿಂದ ಈಗಷ್ಟೇ ತಂದ ಲ್ಯಾಪ್‌ಟಾಪ್‌ನಲ್ಲೂ ಇರುತ್ತವೆ. ನಂತರ ಆದೇಶ ಟೈಪ್ ಮಾಡುವ ಕಪ್ಪು ಕಿಟಕಿಯಲ್ಲಿ ‘ನೆಟ್‌ಸ್ಟ್ಯಾಟ್’ ಎಂಬ ಆದೇಶ ಕೊಟ್ಟು, ಸಾಲುಗಟ್ಟಿ ಬಂದ ಅಂಕಿಗಳನ್ನು ತೋರಿಸಿ “ನೋಡಿ ಸರ್, ಫಾರಿನ್ ಅಡ್ರೆಸ್. ಇವರೇ ಹ್ಯಾಕರ್‌ಗಳು” ಎಂದ. ಅಲ್ಲಿ ‘ಫಾರಿನ್’ ಎಂದರೆ ವಿದೇಶವಲ್ಲ, ನಿಮ್ಮ ಯಂತ್ರದ ಸಂಪರ್ಕದ ಆಚೆ ತುದಿ ಎಂದಷ್ಟೇ ಅರ್ಥ. ಬ್ರೌಸರ್‌ನಲ್ಲಿ ನಾಲ್ಕು ಪುಟ ತೆರೆದಿದ್ದರೂ ಅಂಥ ಹತ್ತಾರು ಸಾಲು ಬರುತ್ತವೆ. ‘ಟ್ರೀ’ ಎಂಬ ಆದೇಶ ಕೊಟ್ಟರೆ ಕಡತಕೋಶಗಳ ಪಟ್ಟಿ ಪರದೆಯ ತುಂಬಾ ಓಡುತ್ತದೆ. ಅದನ್ನು ‘ಸ್ಕ್ಯಾನಿಂಗ್’ ಎಂದು ಹೇಳಿ, ಓಟ ನಿಂತ ಜಾಗದಲ್ಲಿ ‘ವೈರಸ್ ಸಿಕ್ಕಿದೆ’ ಎಂದು ತಾವೇ ಟೈಪ್ ಮಾಡುತ್ತಾರೆ.

ಹಳೆಯದೊಂದು ಕೈಚಳಕ ಇನ್ನೂ ನಡೆಯುತ್ತಿದೆ. “ನಿಮ್ಮ ಕಂಪ್ಯೂಟರ್‌ನ ಲೈಸೆನ್ಸ್ ಐಡಿ ನನ್ನ ಹತ್ತಿರ ಇದೆ, ಹೊಂದುತ್ತಾ ನೋಡಿ” ಎಂದು 888ಡಿಸಿಎ60 ಎಂದು ಶುರುವಾಗುವ ಉದ್ದನೆಯ ಸಂಖ್ಯೆಯನ್ನು ಓದುತ್ತಾರೆ. ‘ಅಸೋಕ್’ ಎಂಬ ಆದೇಶ ಕೊಟ್ಟು ನೋಡಿದರೆ ಅಕ್ಷರಶಃ ಅದೇ ಸಂಖ್ಯೆ ಇರುತ್ತದೆ, ಕೇಳುವವರು ದಂಗಾಗುತ್ತಾರೆ. ಜಗತ್ತಿನ ಎಲ್ಲ ವಿಂಡೋಸ್ ಕಂಪ್ಯೂಟರ್‌ಗಳಲ್ಲೂ ಆ ಸಂಖ್ಯೆ ಒಂದೇ.

ಈಗ ಹಣ ಹೋದ ಬಗೆ. “ಸೀನಿಯರ್ ಸಿಟಿಜನ್‌ಗೆ ರಕ್ಷಣೆ ಉಚಿತ ಸರ್, ನೋಂದಣಿಗೆ ಹತ್ತು ರೂಪಾಯಿ ಅಷ್ಟೆ” ಎಂದು ಕಂಪ್ಯೂಟರ್‌ನಲ್ಲಿ ನೆಟ್‌ಬ್ಯಾಂಕಿಂಗ್ ತೆರೆಸಿದರು. ಹತ್ತು ರೂಪಾಯಿ ಅವರಿಗೆ ಬೇಕಿರಲಿಲ್ಲ. ಲಾಗಿನ್ ಬೇಕಿತ್ತು, ಖಾತೆಯಲ್ಲಿ ಎಷ್ಟಿದೆ, ಎಫ್‌ಡಿ ಎಷ್ಟಿದೆ ಎಂದು ನೋಡಬೇಕಿತ್ತು. ಮೇಷ್ಟ್ರು ಪಾಸ್‌ವರ್ಡನ್ನು ಬ್ರೌಸರ್‌ನಲ್ಲೇ ಉಳಿಸಿಟ್ಟಿದ್ದರು, ಅದು ಇನ್ನೂ ಸಲೀಸಾಯಿತು. ಆಮೇಲೆ “ವೈರಸ್ ಮೊಬೈಲಿಗೂ ಹಬ್ಬಿದೆ” ಎಂದು ಫೋನಿನಲ್ಲೂ ಅದೇ ಆ್ಯಪ್ ಹಾಕಿಸಿದರು. ಇದರ ಕಾರಣ ತಿಳಿದುಕೊಳ್ಳಬೇಕು: ಬಹಳಷ್ಟು ಬ್ಯಾಂಕ್ ಆ್ಯಪ್‌ಗಳು ಪರದೆ ಹಂಚಿಕೆ ನಡೆಯುತ್ತಿರುವಾಗ ಕಪ್ಪಾಗಿಯೇ ಕಾಣುತ್ತವೆ ಅಥವಾ ತೆರೆಯುವುದೇ ಇಲ್ಲ. ಆದರೆ ಎಸ್ಸೆಮ್ಮೆಸ್ಸಿನಲ್ಲಿ ಬರುವ ಒಟಿಪಿಗೆ ಅಂಥ ರಕ್ಷಣೆ ಎಲ್ಲ ಫೋನ್‌ಗಳಲ್ಲೂ ಇಲ್ಲ. ಹಾಗಾಗಿ ಹಣ ಸಾಗಿಸಲು ಕಂಪ್ಯೂಟರ್, ಒಟಿಪಿ ಓದಲು ಫೋನ್.

ಎರಡೂ ಸಿಕ್ಕ ಮೇಲೆ ಕಂಪ್ಯೂಟರ್ ಪರದೆಯನ್ನು ಕಪ್ಪು ಮಾಡಿದರು. ದೂರನಿಯಂತ್ರಣ ಸಾಫ್ಟ್‌ವೇರ್‌ಗಳಲ್ಲಿ ಅದಕ್ಕೆಂದೇ ವ್ಯವಸ್ಥೆ ಇದೆ. “ಕ್ಲೀನಿಂಗ್ ನಡೀತಿದೆ ಸರ್, ಒಂದು ಗಂಟೆ ಏನೂ ಮುಟ್ಟಬೇಡಿ, ಮೊಬೈಲ್ ಬೋರಲು ಹಾಕಿಡಿ, ಲೈನ್ ಮಾತ್ರ ಕಟ್ ಮಾಡ್ಬೇಡಿ” ಎಂದರು. ಆ ಹೊತ್ತಿನಲ್ಲಿ ಎಫ್‌ಡಿ ಅವಧಿಗೆ ಮುನ್ನವೇ ಮುಚ್ಚಿ, ಹಣ ಉಳಿತಾಯ ಖಾತೆಗೆ ಬಂದು, ಅಲ್ಲಿಂದ ಬೇರೆ ಖಾತೆಗಳಿಗೆ ಹೋಯಿತು. ಲೈನ್ ಕಟ್ ಮಾಡಬೇಡಿ ಎನ್ನುವುದು ಸುಮ್ಮನೆ ಅಲ್ಲ: ಕೆಂಗೇರಿಯಲ್ಲಿರುವ ಮಗಳು ಅಷ್ಟರಲ್ಲಿ ಮೂರು ಸಲ ಫೋನ್ ಮಾಡಿದ್ದರು, ಮೂರು ಸಲವೂ ವೇಟಿಂಗ್. ಮನೆಯವರೊಡನೆ ಎರಡು ಮಾತಾಡಿದರೆ ಆಟ ಮುಗಿಯುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಇದೇ ಜಾಲಕ್ಕೆ ಬೇರೆ ಬಾಗಿಲುಗಳೂ ಇವೆ. ಸಾಮಾನ್ಯವಾದದ್ದು ಬ್ರೌಸರ್ ತುಂಬಾ ಹರಡಿಕೊಂಡು ಕೂಗುವ ಪುಟ: ‘ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಕರೆ ಮಾಡಿ’. ಮೈಕ್ರೋಸಾಫ್ಟ್‌ನ ಯಾವ ಎಚ್ಚರಿಕೆ ಸಂದೇಶದಲ್ಲೂ ಫೋನ್ ನಂಬರ್ ಇರುವುದಿಲ್ಲ. ನಂಬರ್ ಇದ್ದರೆ ಸುಳ್ಳು. ಎಸ್ಕೇಪ್ ಕೀಲಿಯನ್ನು ಮೂರು ಸೆಕೆಂಡ್ ಒತ್ತಿ ಹಿಡಿಯಿರಿ, ಪೂರ್ಣಪರದೆ ಬಿಡುತ್ತದೆ. ಬಿಡದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ಮುಗಿಸಿ. ಅದಕ್ಕೂ ಜಗ್ಗದಿದ್ದರೆ ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಮತ್ತೆ ತೆರೆದಾಗ ‘ಹಿಂದಿನ ಪುಟಗಳನ್ನು ತರಲೇ’ ಎಂದು ಕೇಳುತ್ತದೆ, ಬೇಡ ಎನ್ನಿ. ಮೂಲೆಯಲ್ಲಿ ಪದೇಪದೇ ವೈರಸ್ ಎಂದು ಚೀಟಿ ಮೂಡುತ್ತಿದ್ದರೆ ಎಂದೋ ಯಾವುದೋ ಸೈಟಿಗೆ ನೋಟಿಫಿಕೇಶನ್ ಅನುಮತಿ ಕೊಟ್ಟಿರುತ್ತೀರಿ. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್‌ಗೆ ಹೋಗಿ ತೆಗೆಯಿರಿ. ಇನ್ನು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದು ನಿಜ. ಆ ನಿಜವನ್ನೇ ಹಿಡಿದು “ನಿಮ್ಮ ವಿಂಡೋಸ್ ಅವಧಿ ಮುಗಿದಿದೆ” ಎಂದು ಯಾರಾದರೂ ಕರೆ ಮಾಡಿದರೆ ಅದು ಕಂಪನಿಯಿಂದ ಬಂದದ್ದಲ್ಲ. ಮೈಕ್ರೋಸಾಫ್ಟ್ ತಾನಾಗಿ ಯಾರಿಗೂ ರಿಪೇರಿಗೆಂದು ಕರೆ ಮಾಡುವುದಿಲ್ಲ.

ಒಳಗೆ ಬಿಟ್ಟಾಗಿದೆ ಎಂದು ಅರಿವಾದರೆ ಮೊದಲು ರೂಟರ್‌ನ ಪ್ಲಗ್ ಕೀಳಿ. ಅವನನ್ನು ಕೇಳುತ್ತಾ ನಿಲ್ಲಬೇಡಿ, ಬೈಯಲೂ ಹೋಗಬೇಡಿ. ಫೋನಿನಲ್ಲೂ ಆ್ಯಪ್ ಹಾಕಿದ್ದರೆ ಅದನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮನೆಯ ಇನ್ನೊಬ್ಬರ ಅಥವಾ ಪಕ್ಕದ ಮನೆಯವರ ಫೋನಿನಿಂದ 1930ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ. ಖಾತೆ ಸಂಖ್ಯೆ, ಹೋದ ಮೊತ್ತ, ಹೊತ್ತು, ಎಸ್ಸೆಮ್ಮೆಸ್ಸಿನಲ್ಲಿರುವ ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುತ್ತದೆ. ಎಟಿಎಂನಿಂದ ನಗದಾಗುವ ಮೊದಲು ದೂರು ತಲುಪಿದರೆ ಮಾತ್ರ ಅಲ್ಲಿ ತಡೆಯಬಹುದು. ಮೇಷ್ಟ್ರು ಎರಡೂಕಾಲಿಗೆ ಕರೆ ಮಾಡಿದ್ದರಿಂದ 1,35,000 ರೂಪಾಯಿ ಎರಡನೇ ಖಾತೆಯಲ್ಲೇ ನಿಂತಿತು. ಆಗಲೇ ಬ್ಯಾಂಕಿಗೂ ಹೇಳಿ ನೆಟ್‌ಬ್ಯಾಂಕಿಂಗ್, ಯುಪಿಐ, ಕಾರ್ಡ್ ಮೂರನ್ನೂ ನಿಲ್ಲಿಸಿ, ದೂರು ಕೊಟ್ಟ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದೇ ದಿನ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ವಿವರ ತುಂಬಿ, ನಿಮ್ಮ ವಿಭಾಗದಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೂ ಹೋಗಿ.

ಬ್ಯಾಂಕಿಗೆ ಬೇಗ ಹೇಳಬೇಕೆನ್ನಲು ಇನ್ನೊಂದು ಕಾರಣವಿದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕ ತಾನೇ ಪಾಸ್‌ವರ್ಡ್, ಒಟಿಪಿಯಂಥದ್ದನ್ನು ಕೊಟ್ಟು ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ನಾಚಿಕೆಯಿಂದ ಸಂಜೆವರೆಗೆ ಸುಮ್ಮನಿದ್ದರೆ ಆ ಗಂಟೆಗಳ ಹೊಣೆಯೂ ನಿಮ್ಮ ತಲೆಗೇ ಬರುತ್ತದೆ. ಮನೆಯ ಕಿರಿಯರಲ್ಲಿ ಒಂದು ಕೋರಿಕೆ: ಆ ಹೊತ್ತಿನಲ್ಲಿ ಹಿರಿಯರನ್ನು ಗದರಬೇಡಿ. ಗದರುತ್ತಾರೆ ಎಂಬ ಅಂಜಿಕೆಗೇ ಎಷ್ಟೋ ಜನ ಮುಚ್ಚಿಡುತ್ತಾರೆ.

ಕಂಪ್ಯೂಟರನ್ನು ಕೂಡಲೇ ಫಾರ್ಮ್ಯಾಟ್ ಮಾಡಬೇಡಿ. ಯಾರು, ಯಾವಾಗ ಒಳಗೆ ಬಂದರು ಎಂಬ ದಾಖಲೆ ಎನಿಡೆಸ್ಕ್, ಟೀಮ್‌ವ್ಯೂವರ್ ಎರಡರ ಲಾಗ್ ಕಡತಗಳಲ್ಲೂ ಇರುತ್ತದೆ, ಪೊಲೀಸರಿಗೆ ಅದು ಬೇಕು. ಅವರು ನಕಲು ತೆಗೆದುಕೊಂಡ ಮೇಲೆ ವಿಂಡೋಸನ್ನು ಹೊಸದಾಗಿ ಹಾಕಿಸುವುದೇ ಲೇಸು. ಕಾಣುವ ಸಾಫ್ಟ್‌ವೇರ್ ತೆಗೆದರೆ ಸಾಲದು; ಸದ್ದಿಲ್ಲದೆ ಓಡುವ ಎರಡನೆಯದೊಂದನ್ನು ಬಿಟ್ಟುಹೋಗಿರುತ್ತಾರೆ. ಪಾಸ್‌ವರ್ಡ್‌ಗಳನ್ನು ಬೇರೆ ಯಂತ್ರದಿಂದ ಬದಲಿಸಿ, ಮೊದಲು ಇಮೇಲ್‌ನದು. ಇಮೇಲ್ ಬೇರೆಡೆಗೆ ಫಾರ್ವರ್ಡ್ ಆಗುತ್ತಿದೆಯೇ, ರಿಕವರಿ ನಂಬರ್ ನಿಮ್ಮದೇ ಇದೆಯೇ ನೋಡಿ. ಫೋನನ್ನೇ ನಿಯಂತ್ರಿಸಲು ಬಿಡುವ ಆಕ್ಸೆಸಿಬಿಲಿಟಿ ಮತ್ತು ಡಿವೈಸ್ ಅಡ್ಮಿನ್ ಅನುಮತಿ ಯಾವ ಆ್ಯಪ್‌ಗಿದೆ ಎಂದು ನೋಡಿ, ಗೊತ್ತಿಲ್ಲದ್ದನ್ನು ತೆಗೆಯಿರಿ. ಕರೆಗಳು ಬೇರೆ ನಂಬರಿಗೆ ತಿರುಗುತ್ತಿವೆಯೇ ಎಂದು *#21# ಒತ್ತಿದರೆ ತಿಳಿಯುತ್ತದೆ, ##002# ಒತ್ತಿದರೆ ರದ್ದಾಗುತ್ತದೆ. ನಿಮಗೆ ಬಂದ ಮೋಸದ ಕರೆಯನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ ವಿಭಾಗದಲ್ಲಿ ದಾಖಲಿಸಬಹುದು.

ಮೂರು ವಾರದ ಮೇಲೆ ಮೇಷ್ಟ್ರಿಗೆ ಮತ್ತೆ ಕರೆ ಬಂತು. ಈ ಸಲದವನು ‘ಸೈಬರ್ ವಿಭಾಗದ ಅಧಿಕಾರಿ’. ಹೋದ ಮೊತ್ತ, ದಿನಾಂಕ, ಬ್ಯಾಂಕಿನ ಹೆಸರು ಎಲ್ಲ ಸರಿಯಾಗಿ ಹೇಳಿದ. ಮೊದಲ ತಂಡದ ಬಳಿ ಆ ವಿವರ ಇದ್ದೇ ಇರುತ್ತದೆ, ಅದನ್ನು ಮಾರುತ್ತಾರೆ ಅಥವಾ ತಾವೇ ಮತ್ತೆ ಬಳಸುತ್ತಾರೆ. ತಡೆಹಿಡಿದ ಹಣ ಬಿಡಿಸಲು 12,000 ರೂಪಾಯಿ ಕಟ್ಟಬೇಕು ಎಂದ. ಮಗಳು ಪಕ್ಕದಲ್ಲಿದ್ದರು, ಫೋನ್ ಇಟ್ಟರು. ತಡೆಹಿಡಿದ ದೊಡ್ಡ ಮೊತ್ತ ಬರುವುದು ಸಾಮಾನ್ಯವಾಗಿ ನ್ಯಾಯಾಲಯದ ಆದೇಶದ ಮೇಲೆ, ಬ್ಯಾಂಕಿನಿಂದ ನೇರವಾಗಿ ನಿಮ್ಮ ಖಾತೆಗೆ. ಅದಕ್ಕೆ ಬೇಕಾದ ಅರ್ಜಿ, ಕಾಗದಪತ್ರಗಳನ್ನು ದೂರು ಕೊಟ್ಟ ಠಾಣೆಗೆ ಹೋಗಿ ತನಿಖಾಧಿಕಾರಿಯನ್ನೇ ಕೇಳಿ.