ಗಾಡಿಯ ಫ್ರಿಜ್‌ಗೆ ‘ಬೋರ್ಡ್ ಹೋಗಿದೆ’ ಅಂದರೆ ತಕ್ಷಣ ಒಪ್ಪಬೇಡಿ

ಹಳೇ ಟಿಟಿ (ಟೆಂಪೊ ಟ್ರಾವೆಲರ್) ಕೊಂಡು, ಒಳಗೇ ಮಲಗುವ ಹಾಗೆ ಕ್ಯಾಂಪರ್ ಮಾಡಿಸಿ, ಅದಕ್ಕೊಂದು 12 ವೋಲ್ಟ್ ಫ್ರಿಜ್ ಕೂರಿಸಬೇಕು ಅಂದುಕೊಂಡವರು ಇದನ್ನು ಓದಿಬಿಡಿ. ನಮ್ಮ ಗಾಡಿಯ ಕೆಲಸ ಆದದ್ದು ಮೈಸೂರಿನ ಒಂದು ವರ್ಕ್‌ಶಾಪಿನಲ್ಲಿ. ಹೆಸರು ಬೇಡ.

ಇಂಜಿನ್ ಓಡುತ್ತಿದ್ದಷ್ಟು ಹೊತ್ತು ಫ್ರಿಜ್ ಚೆನ್ನಾಗಿ ತಣ್ಣಗಿರುತ್ತಿತ್ತು. ನಿಲ್ಲಿಸಿ ಸ್ವಲ್ಪ ಹೊತ್ತಾದರೆ ಬಂದ್. ಊಟಿಗೆ ಹೊರಟವರು ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚುತ್ತದಲ್ಲ ಅಂತ ಗುಂಡ್ಲುಪೇಟೆಯಲ್ಲೇ ಉಳಿದೆವು. ಬೆಳಿಗ್ಗೆ ನೋಡಿದರೆ ದೋಸೆ ಹಿಟ್ಟು ಉಕ್ಕಿ ಡಬ್ಬಿಯ ಮುಚ್ಚಳ ಹಾರಿದೆ. ಹಿಟ್ಟು ಹೋದರೆ ಹೋಗಲಿ, ಅತ್ತೆಯವರ ಇನ್ಸುಲಿನ್ ಬೆಚ್ಚಗಾಗಿತ್ತು. ಪ್ರವಾಸ ಅಲ್ಲಿಗೇ ಮುಗಿಯಿತು.

ವರ್ಕ್‌ಶಾಪಿನವನು ಮೊದಲು ‘ಬ್ಯಾಟರಿ ವೀಕ್ ಸಾರ್’ ಅಂದ, ಬದಲಾಯಿಸಿದ. ಅದೇ ರಾಗ. ಆಮೇಲೆ ಫ್ರಿಜ್‌ನ ತಂತಿ ಬಿಚ್ಚಿ, ಅದರ ತುದಿಗೆ ಮೀಟರ್ ಹಿಡಿದು, ‘ನೋಡಿ, ಹನ್ನೆರಡೂವರೆ ಬರ್ತಿದೆ. ಲೈನ್ ಸರಿ ಇದೆ, ನಿಮ್ಮ ಫ್ರಿಜ್ ಬೋರ್ಡೇ ಹೋಗಿರೋದು’ ಅಂದ. ಬೋರ್ಡು ಅಂದರೆ ಕಂಪ್ರೆಸರ್ ನಡೆಸುವ ಎಲೆಕ್ಟ್ರಾನಿಕ್ ಸರ್ಕ್ಯೂಟ್. ಹೊಸ ಬೋರ್ಡು ಬಂತು, ಬಿಲ್ಲೂ ಬಂತು. ಫ್ರಿಜ್ ಮಾತ್ರ ಮತ್ತೆ ನಿಂತಿತು.

ಕಿತಾಪತಿ ಇರುವುದು ಆ ಮೀಟರ್ ತೋರಿಸಿದ ರೀತಿಯಲ್ಲೇ. ಲೋಡ್ ಇಲ್ಲದಾಗ, ಅಂದರೆ ಫ್ರಿಜ್ ಕರೆಂಟ್ ಎಳೆಯದಿರುವಾಗ, ಎಂಥ ಕೊಳೆತ ತಂತಿಯ ತುದಿಯಲ್ಲೂ ಪೂರ್ತಿ ವೋಲ್ಟೇಜ್ ಕಾಣುತ್ತದೆ. ಅಳೆಯಬೇಕಾದದ್ದು ಕಂಪ್ರೆಸರ್ ಸ್ಟಾರ್ಟ್ ಆಗುವ ಗಳಿಗೆಯಲ್ಲಿ, ಫ್ರಿಜ್‌ನ ಟರ್ಮಿನಲ್ ಮೇಲೇ. ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ನಮ್ಮ ಎದುರುಮನೆ ಯಜಮಾನರು ಹಾಗೆ ಅಳೆದರು: ಬ್ಯಾಟರಿ ಹತ್ತಿರ 12.3 ವೋಲ್ಟ್, ಫ್ರಿಜ್ ಹತ್ತಿರ 10.1. ಎರಡು ವೋಲ್ಟ್‌ಗೂ ಹೆಚ್ಚು ನಡುವಿನ ತಂತಿಯಲ್ಲೇ ಕಳೆದುಹೋಗುತ್ತಿತ್ತು. ಇಂಥ ಬೋರ್ಡುಗಳು ಸಾಮಾನ್ಯವಾಗಿ 10.4ರ ಆಸುಪಾಸಿನಲ್ಲಿ ಬ್ಯಾಟರಿ ಉಳಿಸಲೆಂದು ತಾವೇ ಆಫ್ ಆಗುತ್ತವೆ. ಅಂದರೆ ಬೋರ್ಡು ತನ್ನ ಕೆಲಸ ಸರಿಯಾಗೇ ಮಾಡುತ್ತಿತ್ತು. ಇಂಜಿನ್ ಓಡುವಾಗ ಆಲ್ಟರ್ನೇಟರ್ 14ರ ಹತ್ತಿರ ಕೊಡುವುದರಿಂದ ಹುಳುಕು ಮುಚ್ಚಿಹೋಗುತ್ತಿತ್ತು, ಅಷ್ಟೇ.

ಸೀಟಿನ ಹಿಂದಿನ ಪ್ಲೈವುಡ್ ಬಿಚ್ಚಿದಾಗ ಹೊಟ್ಟೆ ಉರಿಯಿತು. ಆರು ಮೀಟರ್ ದೂರಕ್ಕೆ ಮನೆಗೆ ಎಳೆಯುವ 1.5 ಎಂಎಂ ವೈರು. ನಡುವೆ ಎರಡು ಕಡೆ ಬರೀ ಹೊಸೆದು ಟೇಪ್ ಸುತ್ತಿದ ಜಾಯಿಂಟು; ಟೇಪು ಕಾವಿಗೆ ಕರಗಿ ಬೆರಳಿಗೆ ಅಂಟುತ್ತಿತ್ತು, ಒಳಗಿನ ತಾಮ್ರ ಕಪ್ಪಾಗಿತ್ತು. ನೆಗೆಟಿವ್ ತಂತಿಯನ್ನು ಬಾಡಿಯ ಒಂದು ಬೋಲ್ಟಿಗೆ ಬಿಗಿದಿದ್ದ, ಅದೂ ಪೇಂಟ್ ಕೆರೆಯದೆ. ಬ್ಯಾಟರಿ ಹತ್ತಿರ ಫ್ಯೂಸೇ ಇಲ್ಲ! ಫ್ಯೂಸ್ ಇದ್ದದ್ದು ಫ್ರಿಜ್ ಪಕ್ಕದಲ್ಲಿ. ಮಧ್ಯೆ ಎಲ್ಲಾದರೂ ತಂತಿ ಉಜ್ಜಿ ಬಾಡಿಗೆ ತಗುಲಿದ್ದರೆ, ನಾವು ಮಲಗಿದ್ದ ಹಾಸಿಗೆಯ ಕೆಳಗೇ ಬೆಂಕಿ.

ಈಗ ಪಾಸಿಟಿವ್, ನೆಗೆಟಿವ್ ಎರಡನ್ನೂ ಬ್ಯಾಟರಿಯಿಂದಲೇ 6 ಎಂಎಂ ತಾಮ್ರದ ತಂತಿಯಲ್ಲಿ ನೇರ ಎಳೆಸಿದ್ದೇವೆ. ತುದಿಗೆ ಲಗ್ (ಲೋಹದ ಕೊಂಡಿ) ಹಾಕಿ, ಒತ್ತಿ ಕ್ರಿಂಪ್ ಮಾಡಿಸಿ, ಬ್ಯಾಟರಿಯಿಂದ ಗೇಣು ದೂರದಲ್ಲಿ 15 ಆಂಪ್ ಫ್ಯೂಸ್ ಕೂರಿಸಿದ್ದಾಯಿತು. ಫ್ರಿಜ್ ರಾತ್ರಿಯಿಡೀ ಓಡುತ್ತಿದೆ. ನಮ್ಮದು ಐದಾರು ಆಂಪ್ ಎಳೆಯುವ ಕಂಪ್ರೆಸರ್ ಫ್ರಿಜ್. ಗ್ಯಾಸಿನಲ್ಲೂ ಕರೆಂಟಿನಲ್ಲೂ ಓಡುವ ಮಾದರಿಯದ್ದು 12 ವೋಲ್ಟ್‌ನಲ್ಲಿ ಹತ್ತು ಆಂಪ್ ದಾಟುವುದು ಮಾಮೂಲು. ಅದಕ್ಕೆ ಇಂಥ ಸಣ್ಣ ತಂತಿ ಹಾಕಿದರೆ ಗತಿ ಏನು ಅಂತ ನೀವೇ ಲೆಕ್ಕ ಹಾಕಿ.

ಪ್ಲೈವುಡ್ ಮುಚ್ಚುವ ಮೊದಲು ಹೋಗಿ ವೈರಿಂಗ್‌ನ ಫೋಟೊ ತೆಗೆದುಕೊಳ್ಳಿ. ವರ್ಕ್‌ಶಾಪಿನವರು ಫೋಟೊ ಬೇಡ ಅಂದರೆ ಗಾಡಿ ಅಲ್ಲಿಂದ ತೆಗೆಯಿರಿ. ಯಾವ ಬಿಡಿಭಾಗ ಬದಲಾಯಿಸಿದರೂ ಹಳೆಯದನ್ನು ಕೈಗೆ ಇಸಿದುಕೊಳ್ಳಿ. ನಮ್ಮ ಹಳೇ ಬೋರ್ಡು ಕೇಳಲು ಹೋದಾಗ ಆತ ತಲೆ ಕೂಡ ಎತ್ತದೆ, ‘ಅದು ಗುಜರಿಗೆ ಹೋಯ್ತಲ್ಲ ಸಾರ್’ ಅಂದ.